ಹಗಲಿನಲ್ಲಿ ಉರಿಯುವ ಹೆಡ್‌ಲೈಟ್: ಒಂದು ತಾಂತ್ರಿಕ ವಿವೇಚನೆ

ಕಾರಿನ ಹೆಡ್‌ಲೈಟ್ ಇರುವುದು ಚಾಲಕನಿಗೆ ದಾರಿ ಕಾಣಲೆಂದು. ಹಗಲುದೀಪ, ಅಂದರೆ ಡಿಆರ್‌ಎಲ್, ಇರುವುದು ಆ ಕಾರು ಬೇರೆಯವರಿಗೆ ಕಾಣಲೆಂದು. ಈ ಎರಡು ಕೆಲಸಗಳನ್ನೂ ಒಂದೇ ದೀಪದಿಂದ ಮಾಡಿಸುವ ಪದ್ಧತಿ ಕಾನೂನಿನ ರೂಪ ಪಡೆದದ್ದು ಉತ್ತರ ಯುರೋಪಿನಲ್ಲಿ. ಫಿನ್ಲೆಂಡ್ 1972ರಲ್ಲಿ ಊರಾಚೆಯ ರಸ್ತೆಗಳಿಗೆ, ಅದೂ ಚಳಿಗಾಲಕ್ಕೆ ಮಾತ್ರ, ಇದನ್ನು ಕಡ್ಡಾಯಗೊಳಿಸಿತು. ಸ್ವೀಡನ್ 1977ರಲ್ಲಿ ಎಲ್ಲ ರಸ್ತೆಗಳಿಗೂ, ವರ್ಷವಿಡೀ ಅನ್ವಯಿಸಿತು. ಅಲ್ಲಿನ ಹಗಲೇ ಬೇರೆ ಬಗೆಯದು. ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಯ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಆರೇಳು ಡಿಗ್ರಿ ಮೇಲೇರಿದರೆ ಹೆಚ್ಚು. ಅದೇ ದಿನ ಬೆಂಗಳೂರಿನಲ್ಲಿ ಅದು 53 ಡಿಗ್ರಿ ದಾಟಿರುತ್ತದೆ. ಹಳೆಯ ಕಾರುಗಳಲ್ಲಿ ಬೇರೆ ದೀಪ ಇರಲಿಲ್ಲವಾದ್ದರಿಂದ ಹೆಡ್‌ಲೈಟನ್ನೇ ಉರಿಸಬೇಕಾಯಿತು. ಸ್ವಿಚ್ ಒತ್ತುವುದಕ್ಕಿಂತ ಹೆಚ್ಚಿನ ಖರ್ಚಿಲ್ಲ ಎಂಬುದೇ ಈ ಪದ್ಧತಿಯ ದೊಡ್ಡ ಅನುಕೂಲ.

ಆದರೆ ಬೆಳಕಿನ ದಿಕ್ಕಿನ ಲೆಕ್ಕ ಇದಕ್ಕೆ ಒಪ್ಪುವುದಿಲ್ಲ. ಲೋ ಬೀಮ್‌ನ ರಚನೆಯೇ ಎದುರಿನವರ ಕಣ್ಣಿಗೆ ಬೆಳಕು ಹೊಡೆಯದಂತೆ ನೋಡಿಕೊಳ್ಳುವುದು. ಅದರ ಬೆಳಕು ಒಂದು ಗೆರೆಯ ಕೆಳಗೆ ರಸ್ತೆಯತ್ತ ಬಾಗಿರುತ್ತದೆ, ಮೇಲ್ಭಾಗ ಬಹುಪಾಲು ಕತ್ತಲು. ಯುರೋಪಿನ ಹ್ಯಾಲೊಜನ್ ನಿಯಮದ ಪ್ರಕಾರ, 25 ಮೀಟರ್ ದೂರದ ಪರೀಕ್ಷಾ ಪರದೆಯಲ್ಲಿ ಎದುರು ಚಾಲಕನ ಕಣ್ಣನ್ನು ಸೂಚಿಸುವ ಬಿಂದುವಿನ ಮೇಲೆ 0.4 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳುವಂತಿರಲಿಲ್ಲ. ದೀಪದ ತೀವ್ರತೆಯಲ್ಲಿ ಹೇಳುವುದಾದರೆ ಇದು 250 ಕ್ಯಾಂಡೆಲಾ. ವಿಶ್ವಸಂಸ್ಥೆಯ 87ನೇ ನಿಯಮವಾದರೋ ಪ್ರತ್ಯೇಕ ಡಿಆರ್‌ಎಲ್‌ಗೆ ನೇರ ಮುಂದಿನ ದಿಕ್ಕಿನಲ್ಲಿ ಕನಿಷ್ಠ 400, ಗರಿಷ್ಠ 1200 ಕ್ಯಾಂಡೆಲಾ ವಿಧಿಸುತ್ತದೆ. ಎಂದರೆ ಸರಿಯಾಗಿ ಹೊಂದಿಸಿದ ಲೋ ಬೀಮ್, ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ ನುಂಗಿಯೂ, ತೋರಬೇಕಾದ ಕಡೆಗೆ ಪುಟ್ಟ ಡಿಆರ್‌ಎಲ್‌ಗಿಂತ ಕಡಿಮೆ ಬೆಳಕು ಕೊಡಬಹುದು. ಹಿಂದಿನ ಸೀಟು, ಡಿಕ್ಕಿ ತುಂಬಿ ಮೂತಿ ಮೇಲೆದ್ದ ಕಾರಿನಲ್ಲಿ, ಅಥವಾ ಹಂಪ್ ಏರುವಾಗ, ಅದೇ ಬೀಮ್ ಎದುರಿನವರ ಕಣ್ಣು ಕುಕ್ಕುತ್ತದೆ.

ಉತ್ತರ ಅಮೆರಿಕದಲ್ಲಿ ಇದಕ್ಕೊಂದು ಅಡ್ಡದಾರಿ ಹುಡುಕಲಾಯಿತು. ಕೆನಡಾ 1989ರ ಡಿಸೆಂಬರ್‌ನಿಂದ ಹೊಸ ಕಾರುಗಳಿಗೆ ಹಗಲುದೀಪ ಕಡ್ಡಾಯ ಮಾಡಿದ ಮೇಲೆ, ಹೈ ಬೀಮನ್ನೇ ಕಡಿಮೆ ವೋಲ್ಟೇಜಿನಲ್ಲಿ ಉರಿಸುವ ಜೋಡಣೆ ಬಳಕೆಗೆ ಬಂತು. ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಂದೊಂದಕ್ಕೂ ಅರ್ಧ ವೋಲ್ಟೇಜ್ ಸಿಗುತ್ತದೆ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾದ್ದರಿಂದ ಉಳಿಯುವುದು ಹತ್ತನೇ ಒಂದು ಪಾಲು. ಇಷ್ಟಾದರೂ ಅಮೆರಿಕದ ನಿಯಮ ಇಂಥ ದೀಪಕ್ಕೆ 7000 ಕ್ಯಾಂಡೆಲಾವರೆಗೆ ಅವಕಾಶ ಕೊಟ್ಟಿತ್ತು. ಮುಂದೆ ಹೋಗುವವರ ಹಿಂಬದಿ ಕನ್ನಡಿಯಲ್ಲಿ ಅದು ಕಣ್ಣು ಚುಚ್ಚುತ್ತದೆ ಎಂಬ ದೂರುಗಳು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇಂಧನದ ಖರ್ಚನ್ನು ಲೆಕ್ಕ ಹಾಕಿಯೇ ನೋಡಬಹುದು. 55 ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬ್, ಜೊತೆಗೆ ಟೇಲ್ ಲೈಟ್, ನಂಬರ್ ಪ್ಲೇಟ್ ಮತ್ತು ಡ್ಯಾಶ್‌ಬೋರ್ಡಿನ ದೀಪಗಳು ಸೇರಿ ಸುಮಾರು 140 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ಶೇ. 60, ಎಂಜಿನ್ನಿನದು ಶೇ. 25ರಿಂದ 30 ಎಂದಿಟ್ಟುಕೊಂಡರೆ ಗಂಟೆಗೆ ಹತ್ತಿರಹತ್ತಿರ 100 ಮಿಲಿಲೀಟರ್ ಪೆಟ್ರೋಲ್ ದೀಪಕ್ಕೇ ಹೋಗುತ್ತದೆ. ಗಂಟೆಗೆ 50 ಕಿ.ಮೀ. ಸರಾಸರಿಯಲ್ಲಿ ಇದು 100 ಕಿ.ಮೀ.ಗೆ 200 ಮಿಲಿಲೀಟರ್, 20 ಕಿ.ಮೀ. ವೇಗದಲ್ಲಿ ತೆವಳುವ ನಗರದ ಟ್ರಾಫಿಕ್ಕಿನಲ್ಲಿ ಅರ್ಧ ಲೀಟರ್. ಎಲ್‌ಇಡಿ ಡಿಆರ್‌ಎಲ್ ಜೋಡಿಗೆ ಇದರ ಹತ್ತನೇ ಒಂದು ಪಾಲಿನಷ್ಟು ವಿದ್ಯುತ್ ಸಾಕು.

ಲಾಭವನ್ನು ಅಳೆಯುವುದು ಇಷ್ಟು ಸುಲಭವಲ್ಲ. ದೀಪದಿಂದ ತಪ್ಪಬಹುದಾದದ್ದು ಹಗಲು ಹೊತ್ತಿನಲ್ಲಿ ಎರಡು ಅಥವಾ ಹೆಚ್ಚು ಪಕ್ಷಗಳ ನಡುವೆ ನಡೆಯುವ ಅಪಘಾತ ಮಾತ್ರ. ಆದ್ದರಿಂದ ಅವುಗಳ ಏರಿಳಿತವನ್ನು ರಾತ್ರಿಯ ಅಪಘಾತಗಳ, ಒಂಟಿ ವಾಹನದ ಅಪಘಾತಗಳ ಏರಿಳಿತದೊಂದಿಗೆ ಹೋಲಿಸಲಾಗುತ್ತದೆ. ಆದರೆ ಹೋಲಿಕೆಗೆ ಬಳಸುವ ಈ ಅಪಘಾತಗಳೂ ಬೇರೆ ಕಾರಣಗಳಿಂದ ಬದಲಾಗುತ್ತಲೇ ಇರುತ್ತವೆ. ನಾರ್ವೆಯ ರೂನೆ ಎಲ್ವಿಕ್ 1996ರಲ್ಲಿ 17 ಅಧ್ಯಯನಗಳನ್ನು ಒಟ್ಟುಗೂಡಿಸಿ, ದೀಪ ಉರಿಸುವ ಕಾರುಗಳಲ್ಲಿ ಇಂಥ ಅಪಘಾತಗಳು ಶೇ. 10ರಿಂದ 15ರಷ್ಟು ಕಡಿಮೆಯಾಗುತ್ತವೆ ಎಂದರು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ 2008ರ ಅಧ್ಯಯನಕ್ಕೆ ಒಟ್ಟಾರೆ ಗಣನೀಯ ಪರಿಣಾಮ ಕಾಣಲಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಏಕೆಂದರೆ ದೀಪ ಕಾಣುವುದು ಹಿನ್ನೆಲೆಗಿಂತ ಅದು ಎಷ್ಟು ಪ್ರಖರ ಎಂಬುದರ ಮೇಲೆ ನಿಂತಿದೆ, ಹಿನ್ನೆಲೆಯೋ ಎಲ್ಲೆಡೆ ಒಂದೇ ಅಲ್ಲ. ಹಿನ್ನೆಲೆಯಷ್ಟೇ ಪ್ರಖರವಾದ ದೀಪ ವಸ್ತುವನ್ನು ಮರೆಮಾಡಲೂಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ‘ಯೆಹೂದಿ’ ಎಂಬ ಯೋಜನೆಯಡಿ ವಿಮಾನದ ಮುಂಭಾಗಕ್ಕೆ ದೀಪ ಜೋಡಿಸಿದ್ದು ವಿಮಾನ ಆಕಾಶದಲ್ಲಿ ಬೆರೆತು ಕಾಣದಿರಲೆಂದು!

ಎಲ್ಲರೂ ಬೆಳಗಿದಾಗ ಮೊದಲು ಬೆಳಗಿದವನ ವೈಶಿಷ್ಟ್ಯ ಉಳಿಯುವುದಿಲ್ಲ ಎಂಬುದು ಬೈಕ್ ಸವಾರರ ಆಕ್ಷೇಪ. ಆಸ್ಟ್ರಿಯ 2005ರ ನವೆಂಬರ್‌ನಲ್ಲಿ ಜಾರಿಗೆ ತಂದ ಹಗಲು ಹೆಡ್‌ಲೈಟ್ ನಿಯಮವನ್ನು 2008ರ ಜನವರಿಯಲ್ಲಿ ಹಿಂತೆಗೆದುಕೊಂಡಾಗ ಇಂಥ ಆಕ್ಷೇಪಗಳೂ ಚರ್ಚೆಯಲ್ಲಿದ್ದವು. ಯುರೋಪಿಯನ್ ಒಕ್ಕೂಟ ಕೊನೆಗೆ ಪ್ರತ್ಯೇಕ ದೀಪದ ದಾರಿ ಹಿಡಿಯಿತು: 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಲ್ಲಿ ಡಿಆರ್‌ಎಲ್ ಇರಲೇಬೇಕಾಯಿತು.

ಭಾರತ ಈ ಕಡ್ಡಾಯವನ್ನು ಕಾರಿನ ಬದಲು ದ್ವಿಚಕ್ರ ವಾಹನಕ್ಕೆ ವಿಧಿಸಿತು. 2017ರ ಏಪ್ರಿಲ್‌ನಿಂದ ಹೊಸ ಬೈಕು, ಸ್ಕೂಟರುಗಳ ಹೆಡ್‌ಲೈಟ್ ಎಂಜಿನ್ ಶುರುವಾದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ. ಎದುರು ಬರುವವರು ಬೆರಳುಗಳನ್ನು ಬಿಡಿಸಿ ಮುಚ್ಚುತ್ತ ‘ಲೈಟ್ ಆಫ್ ಮಾಡಿ’ ಎಂದು ಸನ್ನೆ ಮಾಡುವುದು ಕರ್ನಾಟಕದ ರಸ್ತೆಗಳಲ್ಲಿ ಆಮೇಲೆಯೂ ನಿಲ್ಲಲಿಲ್ಲ. ಆಫ್ ಮಾಡಲು ಸ್ವಿಚ್ಚೇ ಇರಲಿಲ್ಲ. ಕಾಣಿಸಿಕೊಳ್ಳುವ ತುರ್ತು ಕಾರಿಗಿಂತ ಕಿರಿದಾದ ವಾಹನಕ್ಕೇ ಹೆಚ್ಚಾದ್ದರಿಂದ ಈ ಕ್ರಮ ಸಮಂಜಸವೇ.

ಪ್ರತ್ಯೇಕ ಡಿಆರ್‌ಎಲ್‌ಗೂ ಒಂದು ದೋಷವಿದೆ, ಹೆಡ್‌ಲೈಟ್‌ಗೆ ಅದಿಲ್ಲ. ಅನೇಕ ಕಾರುಗಳಲ್ಲಿ ಡಿಆರ್‌ಎಲ್ ಉರಿಯುವಾಗ ಟೇಲ್ ಲೈಟ್ ಆರಿರುತ್ತದೆ. ಡ್ಯಾಶ್‌ಬೋರ್ಡ್ ಸದಾ ಬೆಳಗುವ ಈಚಿನ ಕಾರುಗಳಲ್ಲಿ ಮುಸ್ಸಂಜೆಯಾದದ್ದು ಚಾಲಕನ ಗಮನಕ್ಕೇ ಬರುವುದಿಲ್ಲ. ಮುಂದಿನಿಂದ ಝಗಮಗಿಸುವ ಕಾರು ಹಿಂದಿನಿಂದ ಬರುವ ಲಾರಿಗೆ ಕಾಣುವುದಿಲ್ಲ. ಮಳೆ, ಮಂಜು ಮತ್ತು ಘಾಟಿಯ ಮಬ್ಬಿನಲ್ಲಿ ಡಿಆರ್‌ಎಲ್ ನಂಬದೆ ಹೆಡ್‌ಲೈಟಿನ ಸ್ವಿಚ್ಚನ್ನೇ ತಿರುಗಿಸಬೇಕಾಗುವುದು ಈ ಕಾರಣಕ್ಕೆ.