ರೋಗಿಗಳ ವಯಸ್ಸು ನುಡಿದ ಸಾಕ್ಷಿ: ಡೆಂಗಿಯ ಎರಡನೇ ಸುತ್ತು

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದರೆ ಅದರ ವಿರುದ್ಧ ಬಹುಕಾಲ ರಕ್ಷೆ ಉಳಿಯುತ್ತದೆ, ಉಳಿದವುಗಳಿಂದ ರಕ್ಷೆ ಕೆಲವು ತಿಂಗಳು ಮಾತ್ರ ಎಂಬುದನ್ನು ಸಂಶೋಧಕ ಆಲ್ಬರ್ಟ್ ಸೇಬಿನ್ 1940ರ ದಶಕದಲ್ಲೇ ಸ್ವಯಂಸೇವಕರಲ್ಲಿ ಕಂಡಿದ್ದ. ಆ ತಿಂಗಳುಗಳು ಕಳೆದ ಮೇಲೆ ಹಳೆಯ ರಕ್ಷೆ ಸುಮ್ಮನೆ ಅಳಿಸಿಹೋಗುವುದಿಲ್ಲ, ಕೆಲವೊಮ್ಮೆ ತಿರುಗಿಬೀಳುತ್ತದೆ ಎಂಬುದು ನನ್ನ ವಾದ. ಇದಕ್ಕೆ ಗಟ್ಟಿ ಸಾಕ್ಷಿ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ರೋಗಿಗಳ ವಯಸ್ಸಿನ ಪಟ್ಟಿಯಲ್ಲಿದೆ.

1960ರ ದಶಕದ ಬ್ಯಾಂಕಾಕ್‌ನಲ್ಲಿ ಸಂಶೋಧಕ ಸ್ಕಾಟ್ ಹಾಲ್‌ಸ್ಟೆಡ್ ಗಮನಿಸಿದ್ದು ಇದನ್ನೇ. ರಕ್ತಸ್ರಾವದ ಡೆಂಗಿಗೆ ತುತ್ತಾದವರಲ್ಲಿ ಎರಡನೇ ಸಲ ಸೋಂಕಿತರಾದ ಮಕ್ಕಳೇ ಹೆಚ್ಚು. ಜೊತೆಗೆ ವರ್ಷ ತುಂಬದ ಕೂಸುಗಳ ಪ್ರತ್ಯೇಕ ಗುಂಪೊಂದಿತ್ತು. ಅವಕ್ಕೆ ಅದು ಮೊದಲ ಸೋಂಕು. ಮೊದಲ ನೋಟಕ್ಕೆ ಇದು ವಾದವನ್ನೇ ಮುರಿಯುವಂತಿದೆ, ಆದರೆ ಆ ಕೂಸುಗಳ ಮೈಯಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳಿದ್ದವು. ಹುಟ್ಟಿದಾಗ ಕಾಪಾಡುವಷ್ಟು ದಟ್ಟವಾಗಿದ್ದವು ಏಳೆಂಟು ತಿಂಗಳಿಗೆ ತೆಳುವಾಗುತ್ತವೆ. ತೆಳುವಾದ ಪ್ರತಿಕಾಯ ವೈರಸ್ಸಿಗೆ ಅಂಟಿಕೊಳ್ಳುತ್ತದೆ, ಆದರೆ ಅದನ್ನು ಕಟ್ಟಿಹಾಕಲಾರದು. ಪ್ರತಿಕಾಯದ ಬಾಲವನ್ನು ಹಿಡಿದು ನುಂಗುವ ಭಕ್ಷಕ ಕೋಶ ಜೊತೆಗೇ ಜೀವಂತ ವೈರಸ್ಸನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಮತ್ತು ಡೆಂಗಿ ವೈರಸ್ ಬೆಳೆಯುವುದೇ ಅಂಥ ಕೋಶದಲ್ಲಿ.

ಕ್ಯೂಬಾದ ಇತಿಹಾಸ ಇನ್ನೂ ನಿಚ್ಚಳ. 1977ರಲ್ಲಿ ಅಲ್ಲಿ ಒಂದನೇ ಬಗೆ ಸೌಮ್ಯವಾಗಿ ಹರಡಿತು. 1981ರಲ್ಲಿ ಎರಡನೇ ಬಗೆ ಬಂದಾಗ 158 ಜನ ಸತ್ತರು. ಮುಂದೆ 1997ರಲ್ಲಿ ಸಾಂಟಿಯಾಗೊ ನಗರಕ್ಕೆ ಎರಡನೇ ಬಗೆ ಮರಳಿತು. ಆಗ ತೀವ್ರ ರೋಗ ಕಂಡದ್ದು ಹಿಂದೆ ಒಂದನೇ ಬಗೆ ತಗುಲಿದ್ದ ದೊಡ್ಡವರಲ್ಲಿ. ಹಿಂದಿನ ಹಾವಳಿಯ ನಂತರ ಹುಟ್ಟಿದ್ದ ಮಕ್ಕಳು, ಬೇರೆಡೆ ಡೆಂಗಿಗೆ ಸುಲಭ ತುತ್ತಾಗುವ ಅದೇ ವಯಸ್ಸಿನವರು, ಪಾರಾದರು.

ಸಂಶೋಧಕ ಲಿಯಾನ್ ರೋಸನ್ ಈ ವಾದವನ್ನು ಒಪ್ಪಲಿಲ್ಲ. ಆತನ ಪ್ರಕಾರ ತೀವ್ರತೆ ವೈರಸ್ಸಿನದೇ ಗುಣ. ಪೆರುವಿನ ಇಕಿಟೋಸ್ ಆತನ ಪರವಾಗಿಯೇ ನಿಲ್ಲುತ್ತದೆ: 1995ರಲ್ಲಿ ಅಲ್ಲಿ ಒಂದನೆಯದರ ಬೆನ್ನಿಗೆ ಎರಡನೇ ಬಗೆ ಹಬ್ಬಿದರೂ ತೀವ್ರ ರೋಗ ಬರಲಿಲ್ಲ. ಆಕ್ಷೇಪ ಹಗುರವಲ್ಲ. ಆದರೆ ಅಲ್ಲಿ ಹಬ್ಬಿದ್ದು ಎರಡನೇ ಬಗೆಯ ಅಮೆರಿಕನ್ ತಳಿ. ಒಂದನೇ ಬಗೆಯ ಪ್ರತಿಕಾಯಗಳು ಆ ತಳಿಯನ್ನು ಏಷ್ಯಾದ ತಳಿಗಿಂತ ಚೆನ್ನಾಗಿಯೇ ತಡೆದವೆಂದು ಆಮೇಲೆ ತಿಳಿಯಿತು. ವೈರಸ್ಸಿನ ಗುಣಕ್ಕೂ ಇಲ್ಲಿ ಪಾಲಿದೆ ನಿಜ, ಹಾಗೆಂದು ರಕ್ಷೆಯ ಪಾತ್ರ ಅಳಿಸುವುದಿಲ್ಲ. ನಿಕರಾಗುವಾದ ಮಕ್ಕಳ ದೀರ್ಘ ಅಧ್ಯಯನ 2017ರಲ್ಲಿ ಅಳತೆಯನ್ನೇ ಮುಂದಿಟ್ಟಿತು: ಪ್ರತಿಕಾಯ ಹೆಚ್ಚಿದ್ದರೆ ರಕ್ಷೆ, ಇಲ್ಲದಿದ್ದರೆ ಅಪಾಯ ಕಡಿಮೆ, ನಡುವಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ಅಪಾಯ ಏಳು ಪಟ್ಟಿಗೂ ಮಿಗಿಲು.

ಅದೇ ವರ್ಷ ಫಿಲಿಪೀನ್ಸ್ ಈ ತರ್ಕಕ್ಕೆ ಬೆಲೆ ತೆತ್ತಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗಿ ಲಸಿಕೆ ಹಾಕಿದ ಮೇಲೆ, ಡೆಂಗಿಯನ್ನೇ ಕಾಣದ ಮಕ್ಕಳಲ್ಲಿ ಲಸಿಕೆ ಮೊದಲ ಸೋಂಕಿನಂತೆ ವರ್ತಿಸಿ ಮುಂದಿನ ಸೋಂಕನ್ನು ತೀವ್ರಗೊಳಿಸಬಹುದೆಂದು ತಯಾರಕರೇ ಪ್ರಕಟಿಸಿದರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಲಸಿಕೆ ಚುಚ್ಚುವ ಮುನ್ನ ಹಳೆಯ ಸೋಂಕಿನ ಗುರುತಿಗಾಗಿ ರಕ್ತ ಪರೀಕ್ಷಿಸಲು ಸೂಚಿಸಿತು.