ಅವ್ವನ ಡಬ್ಬಿಯ ಬಂಗಾರ

ಅವ್ವನ ಟ್ರಂಕಿನಲ್ಲೊಂದು ತಗಡಿನ ಡಬ್ಬಿ. ಅದರೊಳಗೆ ದಸರೆಯ ಒಣಬನ್ನಿ, ಮುದಗಲ್ಲಿನ ಮೊಹರಂನ ಲಾಡಿ, ಸಿಂಧನೂರು ಕಡೆಯ ಅಂಬಾಮಠದ ಜಾತ್ರೆಯ ಕುಂಕುಮ. ಹಬ್ಬಕ್ಕೊಮ್ಮೆ ಹೊಸದು ಸೇರುತ್ತದೆ. ಹಳೆಯದನ್ನು ಆಕೆ ಚೆಲ್ಲುವುದಿಲ್ಲ.

'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎಂದು ಎಲೆಯನ್ನೇ ಬಂಗಾರ ಮಾಡಿಕೊಂಡ ಈ ಸೀಮೆಯಲ್ಲಿ ನಿಜ ಬಂಗಾರವೂ ಇದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಗಣಿ ನಡೆದಿದೆ. 1915ರಲ್ಲಿ ಚಿನ್ನ ಹುಡುಕುತ್ತ ಮಸ್ಕಿಗೆ ಬಂದ ಬೀಡನ್ ಎಂಬ ಎಂಜಿನಿಯರಿಗೆ ಸಿಕ್ಕದ್ದು ಮಾತ್ರ ಬಂಡೆಯ ಮೇಲಿನ ಅಕ್ಷರ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಅಲ್ಲಿತ್ತು. ಬೇರೆ ಶಾಸನಗಳ ದೇವಾನಾಂಪ್ರಿಯ ಯಾರೆಂಬುದು ಅದರಿಂದ ಖಚಿತವಾಯಿತು.

ಅದೇ ಅಶೋಕನ ಒಂಬತ್ತನೆಯ ಬಂಡೆಶಾಸನ (ಇದು ಮಸ್ಕಿಯದಲ್ಲ, ಕರ್ನೂಲು ಕಡೆಯ ಎರ್ರಗುಡಿಯಲ್ಲಿದೆ) ಕಾಯಿಲೆ, ಮದುವೆ, ಪಯಣದ ಹೊತ್ತಿಗೆ ಜನ ಮಾಡುವ ಮಂಗಳಗಳ ಮಾತೆತ್ತುತ್ತದೆ. ಮಾಡಲಿ, ಆದರೆ ಫಲ ಅಲ್ಪ. ಹೆಂಗಸರು ಮಾಡುವವಂತೂ ನಿರರ್ಥಕ. ಆಳುಕಾಳುಗಳನ್ನು ಚೆನ್ನಾಗಿ ನೋಡಿಕೊಳ್ಳುವುದೇ ದೊಡ್ಡ ಮಂಗಳವಂತೆ. ಕೊನೆಯ ಮಾತು ನನಗೆ ಒಪ್ಪಿಗೆ. ಹೆಂಗಸರ ಮೇಲಿನ ಮಾತು ಅರಮನೆಯಲ್ಲಿದ್ದವನದು.

ಕಾಲೇಜಿನಲ್ಲಿ ಇದನ್ನೋದಿ ಬಂದು ಡಬ್ಬಿ ತೋರಿಸಿ ನಕ್ಕಿದ್ದೆ. ಅವ್ವ ಕೇಳಿದಳು: 'ಅವನ ಕೂಸಿಗೆ ಜ್ವರ ಬಂದಾಗ ರಾತ್ರಿ ಯಾರು ಕುಂತಿದ್ರು?'

ಡಬ್ಬಿಯ ತಳದಲ್ಲಿರುವ ಲಾಡಿ, ನನಗೆ ಜ್ವರ ಬಂದಿದ್ದ ವರ್ಷದ್ದು.