ಆರು ಕಾಲಂ ಚಲನ್

ಪುಣೆಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯ್ತು. ಧಾರವಾಡಕ್ಕೆ ಹೋದಾಗಲೆಲ್ಲ "ಅಲ್ಲೋ, ನೀ ಅಲ್ಲಿ ಏನ್ ಮಾಡ್ತೀಪಾ?" ಅನ್ನೋ ಪ್ರಶ್ನೆ ತಪ್ಪಿದ್ದಲ್ಲ. ಕರ್ನಲ್ ಕೆಲಸ ಅಂದರೆ ಮಿಲಿಟರಿ ಅಂದುಕೊಂಡ ಸೋದರಮಾವನೂ ಇದ್ದಾರೆ :-) ಅದಕ್ಕೇ ಇವತ್ತು ನನ್ನ ಕಸುಬಿನದೇ ಒಂದು ಹಳೇ ಕತೆ.

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ನಮ್ಮ ಪ್ರೋಗ್ರಾಮು ಡಿಸ್ಕನ್ನು ನೇರವಾಗಿ ಮುಟ್ಟುವಂತಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಚಲನ್ ಕೊಟ್ಟ ಹಾಗೆ ಕರ್ನಲ್ಲಿಗೆ ಕೇಳಿಕೊಳ್ಳಬೇಕು. ಅದೇ ಸಿಸ್ಟಮ್ ಕಾಲ್. ಲಿನಕ್ಸಿನಲ್ಲಿ ಈ ಚಲನ್ನಿಗೆ ಹೆಚ್ಚೆಂದರೆ ಆರು ಕಾಲಂ, ಒಂದೊಂದೂ ಪ್ರೊಸೆಸರಿನ ಒಂದು ರಿಜಿಸ್ಟರ್.

64 ಬಿಟ್ ಯಂತ್ರದಲ್ಲಿ ಕಾಲಂ ಅಗಲ. 32 ಬಿಟ್ಟಿನ ಸಂಖ್ಯೆಗೆ ಬಲಗಡೆಯ ಅರ್ಧವೇ ಸಾಕು. ಎಡಗಡೆಯದನ್ನು ಸರಿಯಾಗಿ ತುಂಬಬೇಕಾದವರು ಯಾರು? ಎಸ್390, ಪವರ್‌ಪಿಸಿ, ಸ್ಪಾರ್ಕ್64, ಮಿಪ್ಸ್ ಯಂತ್ರಗಳ ನಿಯಮದ ಪ್ರಕಾರ ಕರೆದವರು. ಆದರೆ ಹೊರಗಿನವನು ಬೇಕಂತಲೇ ಅಲ್ಲಿ ಕಸ ತುಂಬಿ ತಂದರೆ? ಬಲಗಡೆ ಅರ್ಧ ನೋಡಿ "ಸರಿ ಇದೆ" ಅಂದು, ಆಮೇಲೆ ಇಡೀ 64 ಬಿಟ್ಟನ್ನು ಬಳಸಿದರೆ ಕೈ ಇನ್ನೆಲ್ಲೋ ಮೆಮೊರಿಗೆ ಹೋಗುತ್ತೆ. ಯಂತ್ರ ಕುಸಿಯಬಹುದು, ಸಾಮಾನ್ಯ ಬಳಕೆದಾರ ಯಜಮಾನನೇ ಆಗಿಬಿಡಬಹುದು. ಈ ಲೋಪದ ನಂಬರು ಸಿವಿಇ-2009-0029.

ಐಬಿಎಂನ ಹೈಕೊ ಕಾರ್ಸ್ಟನ್ಸ್ ಮುನ್ನೂರರ ಆಸುಪಾಸಿನ ಕಾಲ್‌ಗಳ ತಲೆಸಾಲು ತಿದ್ದಿ, ಎಲ್ಲವನ್ನೂ ಸಿಸ್‌ಕಾಲ್_ಡಿಫೈನ್ ಅನ್ನೋ ಮ್ಯಾಕ್ರೋಗೆ ಸೇರಿಸಿದರು. ಅದು ಪ್ರತಿ ಕಾಲಮನ್ನೂ ಪೂರ್ತಿ ಅಗಲಕ್ಕೇ ಪಡೆದು, ಅಸಲಿ ಅಳತೆಗೆ ಕತ್ತರಿಸಿ ಒಳಗೆ ಕಳಿಸುತ್ತೆ. 2009ರ ಮಾರ್ಚಿನ 2.6.29ರಲ್ಲಿ ಇದು ಬಂತು.

ಚೆಂದವಂತೂ ಇರಲಿಲ್ಲ. ಸಿಸ್_ರೀಡ್ ಅಂತ ಹುಡುಕಿದರೆ ಮೂಲ ಕೋಡೇ ಸಿಗದು! ಇಂಟೆಲ್ಲಿನ 64 ಬಿಟ್ ಯಂತ್ರಗಳಿಗೆ ಆ ರೋಗವೇ ಇಲ್ಲ, ಮದ್ದು ಯಾಕೆ ಅಂತ ಚಹಾ ಟಪರಿಯಲ್ಲಿ ನಾನು ಕೂಗಾಡಿದ್ದುಂಟು. ಜೊತೆಗಿದ್ದ ಕುಂದಾಪುರದ ಗೆಳೆಯ ತಣ್ಣಗೆ ಹೇಳಿದ, "ಎಲ್ಲಾ ಒಂದೇ ಬಾಗಿಲಲ್ಲಿ ಬಂದ್ರೆ ನಾಳೆ ಬೀಗ ಬದಲಾಯಿಸೋದು ಸುಲಭ."

2018ರ ಜನವರಿಯಲ್ಲಿ ಸ್ಪೆಕ್ಟರ್ ಬಯಲಾಯ್ತು. ಪ್ರೊಸೆಸರ್ ಮುಂದಿನದನ್ನು ಊಹಿಸಿ ಮೊದಲೇ ಓಡುತ್ತಲ್ಲ, ಆ ಊಹೆಯನ್ನೇ ದಾರಿ ತಪ್ಪಿಸಿ ಗುಟ್ಟು ಕದಿಯಬಹುದು. ಆಗ ನಮ್ಮ ಇಂಟೆಲ್ಲಿನಲ್ಲೇ ಇನ್ನೊಂದು ಹಳೇ ರೂಢಿ ಅಪಾಯ ಅನ್ನಿಸಿತು. ಎರಡೇ ಕಾಲಂ ಬೇಕಿದ್ದರೂ ಆರೂ ಒಳಗೆ ಹೋಗುತ್ತಿದ್ದವು. ಮಿಕ್ಕ ನಾಲ್ಕರಲ್ಲಿ ಹೊರಗಿನವನು ಬರೆದದ್ದು ರಿಜಿಸ್ಟರಿನಲ್ಲೇ ಉಳಿದು ಕರ್ನಲ್ಲಿನ ಆಳದವರೆಗೂ ಹೋಗಬಹುದಿತ್ತು. ಡೊಮಿನಿಕ್ ಬ್ರೊಡೊವ್ಸ್ಕಿ ಮೊದಲು ಕರ್ನಲ್ ತಾನೇ ತನ್ನ ಕೌಂಟರಿಗೆ ಬಂದು ಚಲನ್ ಕೊಡುತ್ತಿದ್ದ ಜಾಗಗಳನ್ನು ಹುಡುಕಿ ತೆಗೆದರು (ಬೇಜಾರಿನ ಕೆಲಸ, ನೂರಾರು ಕಡೆ ಕೈಯಾಡಿಸಬೇಕು). ಆಮೇಲೆ ಕಾಲಂಗಳ ಬದಲು, ಅವನ್ನು ಬರೆದಿಟ್ಟ ಜಾಗದ ವಿಳಾಸ ಮಾತ್ರ ಒಳಗೆ. ಬೇಕಾದಷ್ಟನ್ನೇ ಅಲ್ಲಿಂದ ಎತ್ತಿಕೊಳ್ಳಬೇಕು. ಈ ಎರಡನೇ ಬದಲಾವಣೆಗೆ ಮುನ್ನೂರು ಕಾಲ್‌ಗಳನ್ನು ಒಂದೊಂದಾಗಿ ಮುಟ್ಟಬೇಕಾಗಲಿಲ್ಲ, 2009ರ ಆ ಮ್ಯಾಕ್ರೋ ಇತ್ತಲ್ಲ! ಜೂನಿನ 4.17ರಲ್ಲಿ ಅದು ಬಂತು.

ಗೆಳೆಯ ಆಗಲೇ ಹೈದರಾಬಾದಿಗೆ ಹೋಗಿಯಾಗಿತ್ತು. ಫೋನ್ ಮಾಡಿ "ಟಪರಿಯಲ್ಲಿ ನೀನು ಹೇಳಿದ್ದೇ ಸರಿ" ಅಂದೆ.

"ಯಾವ ಟಪರಿ ಮಾರಾಯ?" ಅಂದ.